ಬೆಂಗಳೂರಿನ ಕೈಕೆಲಸ, ಪರದೇಶದ ಬಣ್ಣ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಕಾರ್ಖಾನೆಗಳು 18,000ಕ್ಕೂ ಹೆಚ್ಚು ಬಿ-24 ಲಿಬರೇಟರ್ ಬಾಂಬರ್‌ಗಳನ್ನು ತಯಾರಿಸಿದವು. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಆ ದೇಶ ಬೇರೆ ಯಾವ ಸೇನಾ ವಿಮಾನವನ್ನೂ ಇದುವರೆಗೆ ತಯಾರಿಸಿಲ್ಲ. ಯುದ್ಧ ಮುಗಿದದ್ದೇ ತಡ, ಅವು ಯಾರಿಗೂ ಬೇಡವಾದವು. ಅರಿಜೋನಾದ ಕಿಂಗ್‌ಮನ್ ಬಯಲಿನಲ್ಲಿ ಸಾವಿರಾರು ವಿಮಾನಗಳನ್ನು ಸಾಲಾಗಿ ನಿಲ್ಲಿಸಿ, ಕತ್ತರಿಸಿ, ಕುಲುಮೆಗೆ ಹಾಕಿ ಅಲ್ಯೂಮಿನಿಯಂ ಗಟ್ಟಿಗಳನ್ನಾಗಿ ಮಾಡಿದರು. ಇಂದು ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವ ಲಿಬರೇಟರ್‌ಗಳು ಇಪ್ಪತ್ತನ್ನೂ ಮುಟ್ಟುವುದಿಲ್ಲ. ಆ ಬೆರಳೆಣಿಕೆಯ ವಿಮಾನಗಳಲ್ಲಿ ಆರು ಭಾರತೀಯ ವಾಯುಪಡೆಯಲ್ಲಿ ದುಡಿದವು. ಒಂದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿದೆ, ಒಂದು ಕೆನಡಾದ ಒಟ್ಟಾವಾದಲ್ಲಿ, ಒಂದು ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ. ಅಮೆರಿಕದ ಎರಡು ಖಾಸಗಿ ಸಂಗ್ರಹಗಳಿಗೆ ಇನ್ನೆರಡು ಸೇರಿದವು. ಆರನೆಯದು ದೆಹಲಿಯ ಪಾಲಂನಲ್ಲಿರುವ ವಾಯುಪಡೆಯ ಮ್ಯೂಸಿಯಂನಲ್ಲಿ ಉಳಿದಿದೆ. ಈ ಆರೂ ವಿಮಾನಗಳು 1940ರ ದಶಕದ ಕೊನೆಯಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ರಿಪೇರಿಯಾಗಿ ಮರುಜೀವ ಪಡೆದವು. ತಯಾರಿಸಿದ ದೇಶವೇ ಕರಗಿಸಿದ ಯಂತ್ರ ಇಷ್ಟಾದರೂ ಉಳಿದದ್ದರಲ್ಲಿ ಬೆಂಗಳೂರಿನ ಫಿಟ್ಟರ್‌ಗಳ ಪಾಲು ದೊಡ್ಡದು. ಹಳೆಯ ಯುದ್ಧವಿಮಾನಗಳ ಸಂರಕ್ಷಣೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಈ ಸಂಗತಿಯಿಂದ ಶುರುವಾಗಬೇಕು ಎಂಬುದು ನನ್ನ ನಿಲುವು. ವಿಮಾನವನ್ನು ಉಳಿಸುವುದು ರಿಪೇರಿ ಬಲ್ಲ ಕೈ. ಹಾಗಿದ್ದಮೇಲೆ ಆ ಕೈಯ ಗುರುತನ್ನೂ ವಿಮಾನದ ಜೊತೆಗೇ ಉಳಿಸಬೇಕು. ಪರದೇಶದಲ್ಲೂ ನಮ್ಮಲ್ಲೂ ಅದೊಂದನ್ನೇ ಕೈಬಿಟ್ಟಿದ್ದೇವೆ.

ಆ ಕೈ ಪಳಗಿದ್ದು ಹೇಗೆ ಎಂದು ನೋಡೋಣ. ಉದ್ಯಮಿ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ, 1940ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಈ ಕಂಪನಿಯನ್ನು ಕಟ್ಟಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಒತ್ತಾಸೆಯಿಂದ ಸಂಸ್ಥಾನ ಜಮೀನನ್ನೂ ಬಂಡವಾಳವನ್ನೂ ಕೊಟ್ಟಿತು. ತಾಂತ್ರಿಕ ನೆರವು ಅಮೆರಿಕದ ವಿಲಿಯಂ ಪಾಲಿಯವರದು. 1941ರಲ್ಲಿ ಹಾರ್ಲೋ ಎಂಬ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. ಮರುವರ್ಷ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ ಹೊರಬಂತು. ಅಷ್ಟರಲ್ಲಿ ಜಪಾನಿನ ಸೇನೆ ಬರ್ಮಾದವರೆಗೆ ಬಂದಿತ್ತು. ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡುಕೊಂಡಿತು; 1943ರಲ್ಲಿ ಕಾರ್ಖಾನೆಯ ಆಡಳಿತ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಹೊಸ ವಿಮಾನ ತಯಾರಿಸುವ ಕನಸು ಅಲ್ಲಿಗೆ ನಿಂತು, ಯುದ್ಧರಂಗದಿಂದ ಜರ್ಜರಿತವಾಗಿ ಬರುವ ವಿಮಾನಗಳನ್ನು ರಿಪೇರಿ ಮಾಡಿ ಕಳಿಸುವುದೇ ಕೆಲಸವಾಯಿತು. ಕಂಪನಿಯ ಕಥೆ ಹೇಳುವವರು ಈ ಘಟ್ಟವನ್ನು ಹಿನ್ನಡೆಯೆಂದು ಬಗೆದು ಬೇಗ ದಾಟಿಬಿಡುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಡಕೋಟಾ ಸಾಗಣೆ ವಿಮಾನ, ಕೆಟಲೀನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನ, ಬಾಂಬರ್‌ಗಳು, ಹೀಗೆ ಬಗೆಬಗೆಯ ಯಂತ್ರಗಳನ್ನು ಸಾವಿರಾರು ಸ್ಥಳೀಯ ಕೆಲಸಗಾರರು ಬಿಚ್ಚಿ ಜೋಡಿಸಿದ್ದು ಆಗಲೇ. ಡಕೋಟಾ, ಕೆಟಲೀನಾ ಎರಡಕ್ಕೂ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಬ 14 ಸಿಲಿಂಡರಿನ ಎಂಜಿನ್. ಲಿಬರೇಟರಿನ ನಾಲ್ಕೂ ಎಂಜಿನ್ ಅದೇ ಜಾತಿಯವು. ಮುಂದೆ ಕಾನ್ಪುರದಲ್ಲಿ ನೆರವಿಗೆ ಬಂದದ್ದು ಈ ಅನುಭವ.

ಕಾನ್ಪುರದ ಕಥೆ ವಾಯುಪಡೆಯ ಚರಿತ್ರೆ ಬಲ್ಲವರಿಗೆ ಚೆನ್ನಾಗಿ ಗೊತ್ತು. ಯುದ್ಧಕಾಲದಲ್ಲಿ ಅಮೆರಿಕ ತನ್ನ ಮಿತ್ರರಾಷ್ಟ್ರಗಳಿಗೆ ಎರವಲು ಕರಾರಿನ ಮೇಲೆ ವಿಮಾನಗಳನ್ನು ಕೊಟ್ಟಿತ್ತು. ಯುದ್ಧ ಮುಗಿದ ಮೇಲೆ ಅವನ್ನು ಹಿಂದಿರುಗಿಸಬೇಕು, ಇಲ್ಲವೇ ಬಳಕೆಗೆ ಬಾರದಂತೆ ನಾಶ ಮಾಡಬೇಕು. ಬ್ರಿಟಿಷರು ತಮ್ಮ ಪಾಲಿನ ಲಿಬರೇಟರ್‌ಗಳನ್ನು ಕಾನ್ಪುರದ ಚಕೇರಿ ನಿಲ್ದಾಣದಲ್ಲಿ ಗುಡ್ಡೆ ಹಾಕಿ ಹೋದರು. ಯಾರೂ ಮತ್ತೆ ಹಾರಿಸಬಾರದೆಂದು ಉಪಕರಣಗಳನ್ನು ಒಡೆದರು, ಎಂಜಿನ್ನುಗಳಿಗೆ ಮರಳು ಸುರಿದರು, ಮೈಯನ್ನು ಜಖಂಗೊಳಿಸಿದರು ಎಂದು ವಾಯುಪಡೆಯ ಇತಿಹಾಸಗಳು ಹೇಳುತ್ತವೆ. 1947ರಲ್ಲಿ ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರ್ ಬೇಕಿತ್ತು, ಕೊಳ್ಳುವ ಹಣವಿರಲಿಲ್ಲ. ಬೆಂಗಳೂರಿನ ತಂಡ ಕಾನ್ಪುರಕ್ಕೆ ಹೋಯಿತು. ಒಂದರಿಂದ ಎಂಜಿನ್, ಇನ್ನೊಂದರಿಂದ ಚಕ್ರ, ಮತ್ತೊಂದರಿಂದ ಬಾಲದ ರೆಕ್ಕೆ ತೆಗೆದು, ಒಂದೊಂದನ್ನೂ ಒಮ್ಮೆ ಹಾರುವಷ್ಟರ ಮಟ್ಟಿಗೆ ಸಜ್ಜು ಮಾಡಿತು. ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ತೊಳೆದು, ಜಖಂ ಸರಿಪಡಿಸಿ, ಮತ್ತೆ ಜೋಡಿಸಿದರು. ಹೀಗೆ ನಲವತ್ತರ ಆಸುಪಾಸಿನಷ್ಟು ಲಿಬರೇಟರ್‌ಗಳು ತಯಾರಾದವು. 1948ರ ನವೆಂಬರ್‌ನಲ್ಲಿ ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಮುಂದೆ 6ನೇ ಸ್ಕ್ವಾಡ್ರನ್ ಪುಣೆಯಿಂದ ಇವನ್ನು ಸಮುದ್ರ ಕಾವಲಿಗೆ ಬಳಸಿತು. ಕೊನೆಯ ಲಿಬರೇಟರ್ ಸೇವೆಯಿಂದ ಇಳಿದದ್ದು 1968ರ ಕೊನೆಯಲ್ಲಿ. ಜಗತ್ತಿನ ಬೇರೆಲ್ಲ ವಾಯುಪಡೆಗಳು ಅಷ್ಟು ಹೊತ್ತಿಗೆ ಅದನ್ನು ಮರೆತೇಬಿಟ್ಟಿದ್ದವು.

ಈ ರಿಪೇರಿ ಎಂದರೆ ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆ ಕಾಲದ ವಿಮಾನದ ಮೈ ಎಂದರೆ ತೆಳು ಅಲ್ಯೂಮಿನಿಯಂ ತಗಡು, ಅದರ ಒಳಗೆ ಪಕ್ಕೆಲುಬಿನ ಹಾಗೆ ಚೌಕಟ್ಟು. ಎರಡನ್ನೂ ಹಿಡಿದಿಡುವುದು ಲಕ್ಷಗಟ್ಟಲೆ ರಿವೆಟ್‌ಗಳು. ಜಖಂ ಆದ ಕಡೆ ತಗಡನ್ನು ದುಂಡಗೆ ಅಥವಾ ಮೂಲೆ ಮೊಂಡಾಗಿಸಿ ಕತ್ತರಿಸಬೇಕು. ಚೂಪು ಮೂಲೆ ಉಳಿಸಿದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಒಳಗಿನಿಂದ ದಪ್ಪನೆಯ ಪಟ್ಟಿ ಕೊಟ್ಟು, ಮೇಲೆ ಅದೇ ದಪ್ಪದ ತೇಪೆ ಹಾಕಿ, ಹಳೆಯ ತೂತುಗಳ ಸಾಲಿಗೆ ಹೊಂದುವಂತೆ ಹೊಸ ತೂತು ಕೊರೆಯಬೇಕು. ರಿವೆಟ್ ಬಡಿಯುವುದು ಒಬ್ಬರ ಕೆಲಸವಲ್ಲ. ಹೊರಗೆ ಒಬ್ಬ ಗಾಳಿಯ ಸುತ್ತಿಗೆ ಹಿಡಿದು ನಿಂತರೆ, ಒಳಗೆ, ಬಹಳ ಸಲ ರೆಕ್ಕೆಯ ಇಕ್ಕಟ್ಟಿನಲ್ಲಿ ಮಲಗಿಕೊಂಡು, ಇನ್ನೊಬ್ಬ ಉಕ್ಕಿನ ತುಂಡನ್ನು ರಿವೆಟ್‌ನ ಬಾಲಕ್ಕೆ ಒತ್ತಿ ಹಿಡಿದಿರುತ್ತಾನೆ. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ತಗಡಿನ ಮೇಲೆ ತಟ್ಟಿ ಸನ್ನೆ ಮಾಡಿಕೊಳ್ಳುತ್ತಾರೆ. ಒಳಗಿನವನು ಕ್ಷಣ ತಡಮಾಡಿದರೂ ರಿವೆಟ್ ಓರೆಯಾಗುತ್ತದೆ, ಅದನ್ನು ಕೊರೆದು ತೆಗೆದು ಮತ್ತೆ ಹಾಕಬೇಕು. ಇಂಥ ಕೆಲಸ ಲೋಹದ ಮೇಲೆ ಅಕ್ಷರದಷ್ಟೇ ಸ್ಪಷ್ಟವಾದ ಗುರುತು ಬಿಡುತ್ತದೆ. ತೇಪೆಯ ಆಕಾರ, ರಿವೆಟ್‌ಗಳ ನಡುವಿನ ಅಂತರ, ಒಳಗಡೆ ಹಚ್ಚಿದ ಪ್ರೈಮರ್ ಬಣ್ಣದ ಛಾಯೆ ಇವನ್ನೆಲ್ಲ ಓದಬಲ್ಲವರು, ಯಾವುದು ಮೂಲ ಕಾರ್ಖಾನೆಯ ಕೆಲಸ, ಯಾವುದು ಆಮೇಲಿನ ರಿಪೇರಿ ಎಂದು ಬೇರ್ಪಡಿಸಬಲ್ಲರು. ವಿಮಾನಪ್ರಿಯರನ್ನು ನಾನು ಗೌರವಿಸುವುದು ಇದಕ್ಕೇ. ಹೊರಗಿನವರಿಗೆ ಅವರ ಸೀರಿಯಲ್ ನಂಬರಿನ ಹುಚ್ಚು, ಹಳೆಯ ಫೋಟೋದಲ್ಲಿ ಬಾಲದ ಅಂಕಿ ಹುಡುಕುವ ಹಟ ವ್ಯರ್ಥ ಕಾಲಹರಣದಂತೆ ಕಾಣಬಹುದು. ಆದರೆ ಒಂದು ನಿರ್ದಿಷ್ಟ ವಿಮಾನ ಎಲ್ಲಿ ಹುಟ್ಟಿತು, ಎಲ್ಲಿ ಮುರಿಯಿತು, ಯಾವ ವಿಮಾನದ ಭಾಗ ಅದಕ್ಕೆ ಸೇರಿತು ಎಂಬುದನ್ನು ಅಂಥವರು ಬರೆದಿಡದೆ ಹೋಗಿದ್ದರೆ ಈ ಲೇಖನದ ಮೊದಲ ಪ್ಯಾರಾವನ್ನೇ ಯಾರೂ ಬರೆಯಲಾಗುತ್ತಿರಲಿಲ್ಲ.

ಸೇವೆಯಿಂದ ಇಳಿದ ಲಿಬರೇಟರ್‌ಗಳ ಬೆಲೆ ಮೊದಲು ಗೊತ್ತಾದದ್ದು ಹೊರಗಿನವರಿಗೆ. ಕೆನಡಾ 1968ರಲ್ಲಿ ಒಂದನ್ನು ಒಯ್ದಿತು. ಬದಲಿಗೆ ಲೈಸ್ಯಾಂಡರ್ ಎಂಬ ಹಳೆಯ ವಿಮಾನವನ್ನು ನಮಗೆ ಕೊಟ್ಟಿತು. ಭಾರತೀಯ ವಾಯುಪಡೆಯ ಆರಂಭದ ಚರಿತ್ರೆಯಲ್ಲಿ ಲೈಸ್ಯಾಂಡರ್‌ಗೆ ದೊಡ್ಡ ಸ್ಥಾನವಿರುವುದರಿಂದ ಆ ವಿನಿಮಯ ಎರಡೂ ಕಡೆಗೆ ನ್ಯಾಯವಾದದ್ದೇ. ಪೀಮಾ ಮ್ಯೂಸಿಯಂನ ವಿಮಾನ 1969ರಲ್ಲಿ ಪುಣೆಯಿಂದ ಅರಿಜೋನಾದವರೆಗೆ ತನ್ನ ರೆಕ್ಕೆಯ ಮೇಲೇ ಹಾರಿತು. ಬ್ರಿಟನ್ನಿನದು 1974ರಲ್ಲಿ ನಮ್ಮ ವಾಯುಪಡೆ ಕೊಟ್ಟ ಉಡುಗೊರೆ. ಅದೂ ಹಾರಿಕೊಂಡೇ ಹೋಯಿತು. ಬೇಕುಬೇಕೆಂದೇ ಹಾಳುಮಾಡಿ ಬಿಟ್ಟುಹೋಗಿದ್ದ ಯಂತ್ರಗಳು ಕಾಲು ಶತಮಾನದ ನಂತರ ಖಂಡಾಂತರ ಪ್ರಯಾಣ ಮಾಡಿದವು ಎಂದರೆ, ಬೆಂಗಳೂರಿನ ಕೆಲಸದ ಗುಣಮಟ್ಟಕ್ಕೆ ಬೇರೆ ಪ್ರಮಾಣಪತ್ರ ಬೇಕಿಲ್ಲ. ಕಾಲಿಂಗ್ಸ್ ಫೌಂಡೇಷನ್ ಎಂಬ ಅಮೆರಿಕದ ಸಂಸ್ಥೆಗೆ ಸೇರಿದ ವಿಮಾನ ಮಾತ್ರ ನಿವೃತ್ತಿಯ ನಂತರ ಹದಿಮೂರು ವರ್ಷ ಭಾರತದಲ್ಲೇ ಅನಾಥವಾಗಿ ಬಿದ್ದಿತ್ತು. 1981ರಲ್ಲಿ ಬ್ರಿಟಿಷ್ ಸಂಗ್ರಾಹಕರೊಬ್ಬರು ಅದನ್ನು ಕೊಂಡರು, 1984ರಲ್ಲಿ ಅದು ಅಮೆರಿಕಕ್ಕೆ ಹೋಯಿತು, ಐದು ವರ್ಷಗಳ ದುಡಿಮೆಯ ನಂತರ 1989ರಲ್ಲಿ ಮತ್ತೆ ಹಾರಿತು.

ಆದರೆ ಅದು ಹಾರಿದ್ದು ಯಾವ ಬಣ್ಣದಲ್ಲಿ? ಆ ವಿಮಾನ ತನ್ನ ಯುದ್ಧಕಾಲದ ಸೇವೆಯನ್ನು ಬ್ರಿಟಿಷ್ ವಾಯುಪಡೆಯಲ್ಲಿ ಮಾಡಿದ್ದು. ಅದಕ್ಕಿಂತ ದೀರ್ಘವಾದ, ಇಪ್ಪತ್ತು ವರ್ಷದ ಸೇವೆ ಭಾರತದ್ದು. ಅಮೆರಿಕದಲ್ಲಿ ಅದಕ್ಕೆ ಮೊದಲು 'ಆಲ್ ಅಮೆರಿಕನ್', ಆಮೇಲೆ 'ದಿ ಡ್ರ್ಯಾಗನ್ ಅಂಡ್ ಹಿಸ್ ಟೇಲ್', 2005ರಲ್ಲಿ 'ವಿಚ್‌ಕ್ರಾಫ್ಟ್' ಎಂದು ಹೆಸರು ಬರೆದರು. ಮೂರೂ ಬೇರೆ ಅಮೆರಿಕನ್ ವಿಮಾನಗಳ ಹೆಸರು, ಮೂರೂ ಬೇರೆ ವಿಮಾನಗಳ ಬಣ್ಣ. ಪೀಮಾದ ವಿಮಾನದ ಮೇಲೂ ಅಮೆರಿಕನ್ ದಳದ ಗುರುತಿದೆ. ಇದಕ್ಕೆ ಅವರದೇ ಕಾರಣವಿದೆ, ಅದನ್ನು ತಳ್ಳಿಹಾಕಲಾಗದು. ಲಿಬರೇಟರ್‌ನಲ್ಲಿ ಹಾರಿ ಸತ್ತ ಸಾವಿರಾರು ಅಮೆರಿಕನ್ ಯುವಕರ ಕುಟುಂಬಗಳು ಆ ವಿಮಾನದ ಬಳಿ ಬಂದು ನಿಲ್ಲುತ್ತವೆ. ಅವರಿಗೆ ತಮ್ಮವರು ಹಾರಿಸಿದಂಥ ವಿಮಾನ ಕಾಣಬೇಕು. ಅವರ ಹಣದಿಂದ, ಅವರ ಸ್ವಯಂಸೇವಕರ ಬೆವರಿನಿಂದಲೇ ಅದು ಉಳಿದಿದೆ. ಹೀಗಿರುವಾಗ ನಾವು ಇಲ್ಲಿ ಕುಳಿತು ಬಣ್ಣದ ತಕರಾರು ತೆಗೆಯುವುದು ಸರಿಯೇ ಎಂದು ಯಾರಾದರೂ ಕೇಳಬಹುದು. ಬಣ್ಣದ ಆಯ್ಕೆ ಒಡೆಯರದು, ನಿಜ. ನನ್ನ ತಕರಾರು ಇತಿಹಾಸದ ದೃಷ್ಟಿಯಿಂದ ಬಂದದ್ದು. ಆ ಬಣ್ಣ ನೋಡಿದ ಮಗುವಿಗೆ, ಈ ವಿಮಾನ ಅಮೆರಿಕದಲ್ಲಿ ಹುಟ್ಟಿ, ಯುದ್ಧ ಮಾಡಿ, ಹಾಗೆಯೇ ಉಳಿದುಬಂತು ಎಂಬ ಕಥೆ ಸಿಗುತ್ತದೆ. ನಿಜವಾಗಿ ನಡೆದದ್ದು ಬೇರೆ. ಅಲ್ಲಿಯೇ ಇದ್ದಿದ್ದರೆ ಅದು ಕಿಂಗ್‌ಮನ್ ಕುಲುಮೆಯಲ್ಲಿ ಗಟ್ಟಿಯಾಗಿರುತ್ತಿತ್ತು. ಬಡತನದ ಒಂದು ಹೊಸ ದೇಶಕ್ಕೆ ಅದು ಬೇಕಾಗಿದ್ದರಿಂದ, ಆ ದೇಶದ ಕಾರ್ಖಾನೆಯೊಂದಕ್ಕೆ ರಿಪೇರಿ ಗೊತ್ತಿದ್ದರಿಂದ ಉಳಿಯಿತು. ಯುದ್ಧವಿಮಾನವೊಂದು ಉಳಿದುಬಂದ ಕಾರಣವೇ ಅದರ ಚರಿತ್ರೆಯ ಅತಿ ಮುಖ್ಯ ಅಧ್ಯಾಯ. ಬಣ್ಣ ಮುಚ್ಚಿಹಾಕುವುದು ಅದನ್ನೇ.

ಬೇರೆ ದಾರಿ ಇಲ್ಲವೆಂದಲ್ಲ. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಹ್ಯಾಲಿಫ್ಯಾಕ್ಸ್ ಬಾಂಬರೊಂದಿದೆ. 1942ರ ಏಪ್ರಿಲ್‌ನಲ್ಲಿ ಜರ್ಮನಿಯ ಟಿರ್ಪಿಟ್ಜ್ ಯುದ್ಧನೌಕೆಯ ಮೇಲೆ ದಾಳಿಗೆ ಹೋದಾಗ ಏಟು ತಿಂದು, ನಾರ್ವೆಯ ಹೆಪ್ಪುಗಟ್ಟಿದ ಸರೋವರವೊಂದರ ಮೇಲೆ ಇಳಿದು, ಆಮೇಲೆ ಮುಳುಗಿತು. 1973ರಲ್ಲಿ ಅದನ್ನು ಮೇಲೆತ್ತಿದರು. ಹೊಸದರಂತೆ ಮಾಡುವ ಆಸೆ ಯಾರಿಗೂ ಬರುವಂಥದ್ದೇ, ಆದರೂ ಅದನ್ನು ಬಹುಮಟ್ಟಿಗೆ ಸಿಕ್ಕ ಸ್ಥಿತಿಯಲ್ಲೇ ಇರಿಸಿದರು. ಕಿಲುಬು ಹಿಡಿದ ತಗಡು, ಹರಿದ ಮೈ ಹಾಗೇ ಇವೆ. ಹೊಳೆಯುವ ಹತ್ತು ವಿಮಾನಗಳ ನಡುವೆ ಅದೊಂದು ಯುದ್ಧದ ಬಗ್ಗೆ ಹೇಳುವಷ್ಟನ್ನು ಉಳಿದವು ಹೇಳಲಾರವು. ಎಲ್ಲ ವಿಮಾನಗಳನ್ನೂ ಹೀಗೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ರಿಪೇರಿ ಮಾಡುವ ಮುನ್ನ ಏನನ್ನು ಅಳಿಸುತ್ತಿದ್ದೇವೆ ಎಂದು ಕೇಳಿಕೊಳ್ಳುವ ಶಿಸ್ತು ಅಲ್ಲಿದೆ.

ನಮ್ಮ ಮನೆಯ ಕಡೆ ತಿರುಗಿದರೆ ಇನ್ನೂ ಕಷ್ಟದ ಚಿತ್ರ ಕಾಣುತ್ತದೆ. ನಮ್ಮಲ್ಲಿ ನಿವೃತ್ತ ಯುದ್ಧವಿಮಾನ ಎಂದರೆ ವೃತ್ತದಲ್ಲಿ, ಪಾರ್ಕಿನಲ್ಲಿ, ಕಾಲೇಜಿನ ಗೇಟಿನ ಮುಂದೆ ಕಾಂಕ್ರೀಟ್ ಕಂಬದ ಮೇಲೆ ಮೂಗು ಮೇಲೆತ್ತಿ ನಿಂತದ್ದು. ಊರಿನವರಿಗೆ ಅದು ಹೆಮ್ಮೆ, ಮಕ್ಕಳಿಗೆ ಸಂತೋಷ. ಅದನ್ನು ಹಗುರ ಮಾಡುವುದು ತಪ್ಪು. ಆದರೆ ಅದನ್ನು ಸಂರಕ್ಷಣೆ ಎಂದು ಕರೆಯಲಾಗದು. ವಿಮಾನದ ಅಲ್ಯೂಮಿನಿಯಂಗೆ ಗಟ್ಟಿತನಕ್ಕಾಗಿ ತಾಮ್ರ ಬೆರೆಸಿರುತ್ತಾರೆ. ಅದೇ ತಾಮ್ರ ಕಿಲುಬಿಗೂ ದಾರಿ ಮಾಡುತ್ತದೆ. ಹೊರಮೈಯಲ್ಲಿ ಶುದ್ಧ ಅಲ್ಯೂಮಿನಿಯಂನ ತೆಳುಪದರದ ರಕ್ಷಣೆ ಇದ್ದರೂ ರಿವೆಟ್ ತೂತಿನ ಅಂಚಿನಲ್ಲಿ ಅದು ಇರುವುದಿಲ್ಲ. ಮಳೆನೀರು ಅಲ್ಲಿಂದ ಇಳಿದು, ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂಗೆ ತಾಗುವ ಕಡೆ ತಂಗಿ, ಲೋಹವನ್ನು ಒಳಗಿನಿಂದ ತಿನ್ನುತ್ತದೆ. ತಗಡು ಪದರ ಪದರವಾಗಿ ಉಬ್ಬಿ ಬಿಳಿ ಪುಡಿಯಾಗುತ್ತದೆ. ನೀರು ಬಸಿಯಲೆಂದು ಹೊಟ್ಟೆಯ ಕೆಳಗೆ ಬಿಟ್ಟ ತೂತುಗಳನ್ನು ಹಕ್ಕಿಗೂಡಿನ ಕಸ ಮುಚ್ಚುತ್ತದೆ, ಇಲ್ಲವೇ ಪ್ರತಿ ಗಣರಾಜ್ಯೋತ್ಸವಕ್ಕೆ ಬಳಿಯುವ ಬಣ್ಣವೇ ಮುಚ್ಚುತ್ತದೆ. ಬಿಸಿಲಿಗೆ ಕಾಕ್‌ಪಿಟ್ಟಿನ ಮುಚ್ಚಳ ಮಂಜಾಗಿ ಸೀಳುತ್ತದೆ. ಭಾರತದ ಮೊದಲ ಜೆಟ್ ಯುದ್ಧವಿಮಾನವಾದ ವ್ಯಾಂಪೈರ್, ಪರವಾನಗಿ ಪಡೆದು ಬೆಂಗಳೂರಿನಲ್ಲೂ ತಯಾರಾದದ್ದು. ಅದರ ಮುಂಭಾಗ ಲೋಹದ್ದಲ್ಲ, ಪ್ಲೈವುಡ್ಡಿನ ಎರಡು ಪದರಗಳ ನಡುವೆ ಬಾಲ್ಸಾ ಮರವನ್ನು ಅಂಟಿಸಿ ಮಾಡಿದ್ದು. ಇಂಥದ್ದನ್ನು ಬಯಲಲ್ಲಿ ನಿಲ್ಲಿಸಿದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಬಿಡತೊಡಗುತ್ತದೆ, ಹೊರಗಿನ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತಿರುತ್ತದೆ. ಕಾರವಾರದ ಕಡಲತೀರಕ್ಕೆ ನೌಕಾಪಡೆಯ ಟುಪೊಲೆವ್-142 ವಿಮಾನ ಬಂದಿದೆ. ಅಂಥ ದೈತ್ಯ ಯಂತ್ರ ನಮ್ಮ ಕರಾವಳಿಗೆ ಬಂದದ್ದು ಸಂತೋಷವೇ. ಆದರೆ ಉಪ್ಪುಗಾಳಿಗಿಂತ, ಉತ್ತರ ಕನ್ನಡದ ಮಳೆಗಿಂತ ಕೆಟ್ಟ ಶತ್ರು ವಿಮಾನದ ಲೋಹಕ್ಕೆ ಇನ್ನಿಲ್ಲ. ಅದಕ್ಕೆ ವರ್ಷವರ್ಷವೂ ಸಿಹಿನೀರಿನ ತೊಳೆತ, ಕೀಲುಗಳ ತಪಾಸಣೆ ಬೇಕು, ಅದನ್ನು ಮಾಡುವ ಜನ ಬೇಕು. ಉದ್ಘಾಟನೆಯ ದಿನ ಇರುವ ಉತ್ಸಾಹ ಹತ್ತನೆಯ ವರ್ಷಕ್ಕೂ ಉಳಿಯುವ ವ್ಯವಸ್ಥೆ ಮಾಡದೆ ವಿಮಾನ ಕೇಳಬಾರದು.

ಇದೆಲ್ಲ ಅತ್ಯಂತ ಮುಖ್ಯವಾಗುವುದು ಮಾರುತ್ ವಿಮಾನದ ವಿಷಯದಲ್ಲಿ. ಜರ್ಮನಿಯ ಖ್ಯಾತ ವಿನ್ಯಾಸಕ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ತಂಡದೊಂದಿಗೆ ಬೆಂಗಳೂರಿಗೆ ಬಂದರು. ಎಚ್‌ಟಿ-2 ತರಬೇತಿ ವಿಮಾನವನ್ನು ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ವಿನ್ಯಾಸ ಮಾಡಿ 1951ರಲ್ಲಿ ಹಾರಿಸಿದ ಅನುಭವ ಕಾರ್ಖಾನೆಗಿತ್ತು. ಜೆಟ್ ಯುದ್ಧವಿಮಾನ ಅದರಿಂದ ಬಹಳ ದೂರದ ಜಿಗಿತ. ಮೊದಲು ಅದೇ ಅಳತೆಯ ಗ್ಲೈಡರ್ ಕಟ್ಟಿ, ಡಕೋಟಾದ ಹಿಂದೆ ಎಳೆಸಿ ಆಕಾಶಕ್ಕೆ ಒಯ್ದು ಪರೀಕ್ಷೆ ಮಾಡಿದರು. 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಮೊದಲ ಮಾರುತ್ ಹಾರಿಸಿದರು. ಮೈ ಶಬ್ದವೇಗಕ್ಕೆ ಸಿದ್ಧವಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಕೊನೆಯವರೆಗೂ ಸಿಗಲಿಲ್ಲ. ಆರ್ಫಿಯಸ್ ಎಂಜಿನ್ನಿನ ಶಕ್ತಿ ಹೆಚ್ಚಿಸುವ ಪ್ರಯತ್ನದಲ್ಲಿ, 1970ರ ಜನವರಿ 10ರಂದು, ಬೆಂಗಳೂರಿನಲ್ಲೇ ಪರೀಕ್ಷಾ ಮಾರುತ್ ಬಿದ್ದು ದಾಸ್ ತೀರಿಕೊಂಡರು. ನಗರದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಜನಕ್ಕೆ ಅವರು ಯಾರೆಂದು ಗೊತ್ತು? ಒಟ್ಟು 147 ಮಾರುತ್‌ಗಳು ತಯಾರಾದವು, 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಹೋರಾಡಿದವು, 1990ರ ಹೊತ್ತಿಗೆ ಹಾರಾಟ ನಿಂತಿತು. ಇಂದು ಒಂದು ಮಾರುತ್ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಅಂಗಳದಲ್ಲಿದೆ, ಒಂದು ಎಚ್‌ಎಎಲ್ ಹೆರಿಟೇಜ್ ಸೆಂಟರಿನಲ್ಲಿದೆ, ಬೇರೆ ಊರುಗಳ ಪಾರ್ಕುಗಳಲ್ಲೂ ವಿಜ್ಞಾನ ಕೇಂದ್ರಗಳಲ್ಲೂ ಕೆಲವು ನಿಂತಿವೆ. ಒಂದು ಜರ್ಮನಿಯ ಮ್ಯೂನಿಕ್ ಬಳಿ, ಡಾಯ್ಚಸ್ ಮ್ಯೂಸಿಯಂನ ಶ್ಲೈಸ್‌ಹೈಮ್ ಶಾಖೆಯ ಸಂಗ್ರಹಕ್ಕೆ ಸೇರಿತು. ಜರ್ಮನ್ನರಿಗೆ ಅದು ತಮ್ಮ ವಿನ್ಯಾಸಕನ ಕೊನೆಯ ದೊಡ್ಡ ಕೆಲಸ. ನಮಗೆ ಅದು ಏಷ್ಯಾದ ಹೊಸ ದೇಶವೊಂದು ಸ್ವಂತವಾಗಿ ಕಟ್ಟಿದ ಜೆಟ್ ಯುದ್ಧವಿಮಾನ. ಲಿಬರೇಟರ್ ವಿಷಯದಲ್ಲಾದರೂ ಬೇರೆ ದೇಶಗಳು ಉಳಿಸಿಕೊಂಡಾವು ಎಂಬ ಧೈರ್ಯವಿತ್ತು. ಮಾರುತ್ ನಾವು ಮಾಡಿದ್ದು. ನಾವು ಬಿಟ್ಟರೆ ಬೇರೆ ಯಾರೂ ಅದರ ಪೂರ್ತಿ ಕಥೆ ಉಳಿಸುವುದಿಲ್ಲ.

ಕಾನೂನು ಇದಕ್ಕೆ ಆಸರೆಯಾಗಿಲ್ಲ. 1972ರ ಪುರಾತನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ, ಹಸ್ತಪ್ರತಿಯಂಥವನ್ನು ಬಿಟ್ಟರೆ, ವಸ್ತುವೊಂದು ಪುರಾತನ ಎನಿಸಿಕೊಳ್ಳಲು ಅದಕ್ಕೆ ಕನಿಷ್ಠ 100 ವರ್ಷ ತುಂಬಿರಬೇಕು. ಬೆಂಗಳೂರಿನಲ್ಲಿ ಜೋಡಣೆಯಾದ ಮೊದಲ ವಿಮಾನದ ಕಾಲಕ್ಕೆ ನೂರು ವರ್ಷ ತುಂಬುವುದು 2041ರಲ್ಲಿ, ಮೊದಲ ಮಾರುತ್‌ಗೆ 2061ರಲ್ಲಿ. ಕಲ್ಲಿನ ವಿಗ್ರಹ ನೂರು ವರ್ಷ ಕಾಯುತ್ತದೆ. ಅರ್ಧ ಮಿಲಿಮೀಟರಿನಿಂದ ಎರಡು ಮಿಲಿಮೀಟರ್ ದಪ್ಪದ ತಗಡು ಬಯಲಿನಲ್ಲಿ ಅಷ್ಟು ಕಾಲ ಕಾಯುವುದಿಲ್ಲ. ಯಂತ್ರಯುಗದ ವಸ್ತುಗಳಿಗೆ ವಯಸ್ಸಿನ ಬದಲು ವಿರಳತೆಯನ್ನು ಅಳತೆಗೋಲಾಗಿ ಇಟ್ಟುಕೊಳ್ಳುವ ಬೇರೆ ನಿಯಮ ಬೇಕು.

ಯುದ್ಧದ ಆಯುಧವನ್ನು ಇಷ್ಟು ಮುತುವರ್ಜಿಯಿಂದ ಉಳಿಸುವುದು ಯುದ್ಧದ ವೈಭವೀಕರಣವಲ್ಲವೇ ಎಂಬ ಪ್ರಶ್ನೆ ಗಂಭೀರವಾದದ್ದು; ಅದನ್ನು ದೇಶಪ್ರೇಮದ ಮಾತಿನಿಂದ ಬಾಯಿಮುಚ್ಚಿಸಬಾರದು. ಲಿಬರೇಟರ್‌ಗಳು ಹಾಕಿದ ಬಾಂಬುಗಳ ಕೆಳಗೆ ಊರುಗಳಿದ್ದವು. ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ ವಿಮಾನವನ್ನು 1995ರಲ್ಲಿ ಪ್ರದರ್ಶಿಸಲು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ಹೊರಟಾಗ, ಬಾಂಬಿಗೆ ತುತ್ತಾದವರ ಕಥೆಯನ್ನೂ ಅದರೊಂದಿಗೆ ಹೇಳುವ ಯೋಜನೆಯಿತ್ತು. ಮಾಜಿ ಸೈನಿಕರ ಸಂಘಗಳೂ ರಾಜಕಾರಣಿಗಳೂ ಕೆರಳಿದರು. ಆ ಪ್ರದರ್ಶನ ರದ್ದಾಯಿತು, ಮ್ಯೂಸಿಯಂನ ನಿರ್ದೇಶಕ ಮಾರ್ಟಿನ್ ಹಾರ್ವಿಟ್ ರಾಜೀನಾಮೆ ಕೊಟ್ಟರು. ಸೋತದ್ದು ಅಲ್ಲಿ ಇತಿಹಾಸ. ಆದರೆ ಆ ಜಗಳ ನಡೆಯಲು ಸಾಧ್ಯವಾದದ್ದೇ ವಿಮಾನ ಉಳಿದಿದ್ದರಿಂದ ಎಂಬುದನ್ನು ಮರೆಯಬಾರದು. ಕರಗಿಸಿಬಿಟ್ಟಿದ್ದರೆ ಕೇಳಲು ಯಾವ ಪ್ರಶ್ನೆಯೂ ಉಳಿಯುತ್ತಿರಲಿಲ್ಲ. ಹಾಗಾಗಿ ವೈಭವೀಕರಣಕ್ಕೆ ಮದ್ದು ಹೆಚ್ಚಿನ ವಿವರ: ಯಾರು ಹಾರಿಸಿದರು, ಎಲ್ಲಿ ಬಾಂಬು ಬಿತ್ತು, ಯಾರು ಸತ್ತರು, ಯಾರು ರಿಪೇರಿ ಮಾಡಿದರು ಎಲ್ಲವೂ ವಿಮಾನದ ಬದಿಯಲ್ಲೇ ಕನ್ನಡದಲ್ಲಿ ಬರೆದಿರಬೇಕು. ನಮ್ಮ ಫಲಕಗಳಲ್ಲಿ ಸಾಮಾನ್ಯವಾಗಿ ಇರುವುದು ವೇಗ, ಉದ್ದ, ಎತ್ತರ, ಹೊರುವ ಭಾರ ಇಷ್ಟೇ. ವೈಭವೀಕರಣ ಹುಟ್ಟುವುದು ಇಂಥ ಬರಡು ಅಂಕಿಗಳಿಂದ.

ಆಸ್ಪತ್ರೆ, ಶಾಲೆಗಳಿಗೆ ಹಣವಿಲ್ಲದಲ್ಲಿ ಹಳೆಯ ವಿಮಾನಕ್ಕೇಕೆ ಖರ್ಚು, ಕಂಪ್ಯೂಟರಿನಲ್ಲಿ ಅಂಗುಲಂಗುಲ ಚಿತ್ರ ತೆಗೆದಿಟ್ಟರೆ ಸಾಲದೇ ಎನ್ನುವವರಿದ್ದಾರೆ. ಚಿತ್ರ ಬೇಕು, ಅದನ್ನು ಇಂದೇ ತೆಗೆಯಬೇಕು. ಆದರೆ ಚಿತ್ರದಲ್ಲಿ ಲೋಹ ಇರುವುದಿಲ್ಲ. ಬೆಂಗಳೂರಿನಲ್ಲಿ ಬೆರೆಸಿದ ಪ್ರೈಮರಿನ ರಸಾಯನ, ತೇಪೆಯ ಒಳಗಿನ ಇನ್ನೊಂದು ಹಳೆಯ ತೇಪೆ ಚಿತ್ರಕ್ಕೆ ಸಿಗುವುದಿಲ್ಲ. ನಾಳೆಯವರು ನಮಗೆ ಹೊಳೆಯದ ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಮೂಲವಸ್ತುವೇ ಬೇಕು. ಖರ್ಚಿನ ಮಾತಿಗೆ ಬಂದರೆ, ನಾನು ಕೇಳುತ್ತಿರುವುದು ಎಲ್ಲ ವಿಮಾನಗಳನ್ನೂ ಉಳಿಸಿ ಎಂದಲ್ಲ. ಒಂದೊಂದು ಮಾದರಿಯಲ್ಲಿ ಕಡಿಮೆ ಕೆಟ್ಟ, ಹೆಚ್ಚು ಮೂಲಭಾಗಗಳಿರುವ, ದಾಖಲೆ ಸಿಗುವ ಒಂದೇ ಒಂದನ್ನು ಆರಿಸಿ ಸೂರಿನ ಕೆಳಗೆ, ಒಣಗಾಳಿಯಲ್ಲಿ ಇಡಿ. ಉಳಿದವು ಪಾರ್ಕುಗಳಲ್ಲಿ ಮಕ್ಕಳಿಗೆ ಸಂತೋಷ ಕೊಡಲಿ. ಇದಕ್ಕೆ ಬೇಕಾದದ್ದು ತಗಡಿನ ಚಾವಣಿಯ ಒಂದು ಹ್ಯಾಂಗರ್ ಮತ್ತು ಸಂಬಳ ಕೊಟ್ಟು ಇರಿಸಿದ ನಾಲ್ಕಾರು ಬಲ್ಲ ಜನ.

ಹಾರಿಸಿಯೇ ಉಳಿಸಬೇಕು ಎನ್ನುವ ವಿಮಾನಪ್ರಿಯರ ವಾದ ನನಗೆ ಹೆಚ್ಚು ಇಕ್ಕಟ್ಟಿನದು, ಏಕೆಂದರೆ ಅದು ನನ್ನ ವಾದಕ್ಕೆ ಹತ್ತಿರದ್ದು. ಲಿಬರೇಟರ್‌ಗಳನ್ನು ಉಳಿಸಿದ್ದು ಬಳಕೆ ಮತ್ತು ರಿಪೇರಿ ಎಂದಮೇಲೆ, ಮ್ಯೂಸಿಯಂನಲ್ಲಿ ನಿಲ್ಲಿಸುವುದು ಆ ಜ್ಞಾನವನ್ನು ಸಾಯಿಸಿದಂತಲ್ಲವೇ? 2018ರಲ್ಲಿ ಬ್ರಿಟನ್ನಿನಿಂದ ಹಾರಿಬಂದ ಡಕೋಟಾ 'ಪರಶುರಾಮ' ಈ ವಾದಕ್ಕೆ ಬಲ ಕೊಡುತ್ತದೆ. ಗುಜರಿ ಸೇರಬೇಕಿದ್ದ ಆ ವಿಮಾನವನ್ನು, ಆಗ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾಗಿದ್ದ ರಾಜೀವ್ ಚಂದ್ರಶೇಖರ್, ಡಕೋಟಾ ಹಾರಿಸುತ್ತಿದ್ದ ತಮ್ಮ ತಂದೆಯ ಗೌರವಾರ್ಥ ದುರಸ್ತಿ ಮಾಡಿಸಿ ವಾಯುಪಡೆಗೆ ಕೊಟ್ಟರು. ಅದರ ಬಾಲದ ಮೇಲಿನ ವಿಪಿ 905 ಎಂಬ ಸಂಖ್ಯೆ, 1947ರ ಅಕ್ಟೋಬರ್ 27ರಂದು ಶ್ರೀನಗರಕ್ಕೆ ಸೈನಿಕರನ್ನು ಒಯ್ದ ಡಕೋಟಾದ್ದು. ಡಕೋಟಾಗಳು ಇಂದಿಗೂ ಜಗತ್ತಿನಲ್ಲಿ ನೂರಾರು ಉಳಿದಿವೆ, ಬಿಡಿಭಾಗ ಸಿಗುತ್ತವೆ, ಅದು ಹಾರಲಿ. ಆದರೆ 2019ರ ಅಕ್ಟೋಬರ್‌ನಲ್ಲಿ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಅದೇ ಕಾಲಿಂಗ್ಸ್ ಫೌಂಡೇಷನ್ನಿನ ಬಿ-17 ಬಾಂಬರ್ ಬಿದ್ದು ಏಳು ಜನ ಸತ್ತರು. 2022ರಲ್ಲಿ ಡಲ್ಲಾಸ್ ಪ್ರದರ್ಶನದಲ್ಲಿ ಎರಡು ಹಳೆಯ ಯುದ್ಧವಿಮಾನಗಳು ಡಿಕ್ಕಿಯಾಗಿ ಆರು ಜನ ಸತ್ತರು. ಜೀವ ಹೋದಮೇಲೆ ವಿಮಾನದ ಮಾತು ಎತ್ತುವುದೇ ಕಷ್ಟ, ಆದರೂ ಹೇಳಬೇಕು: ಆ ವಿಮಾನಗಳೂ ಮರಳಿ ಬರುವುದಿಲ್ಲ. ಅಪಘಾತವಾಗದೆ ಹಾರುವ ವಿಮಾನದಲ್ಲೂ ಸುರಕ್ಷತೆಗಾಗಿ ಹಳೆಯ ಭಾಗ ತೆಗೆದು ಹೊಸದು ಹಾಕುತ್ತಲೇ ಇರಬೇಕು. ಕ್ರಮೇಣ ಮೂಲದ್ದು ಕಡಿಮೆಯಾಗುತ್ತದೆ. ಆದ್ದರಿಂದ ಹಲವಿದ್ದರೆ ಒಂದು ಹಾರಲಿ, ಕೆಲವೇ ಇದ್ದರೆ ನೆಲದಲ್ಲಿರಲಿ ಎಂಬುದು ನ್ಯಾಯವಾದ ನಿಯಮ. ಮಾರುತ್ ಎಂದೂ ಹಾರಬಾರದು. ರಿವೆಟ್ ಬಡಿಯುವ, ಮರದ ಮೈ ಅಂಟಿಸುವ ವಿದ್ಯೆಯನ್ನು ಕಲಿಸಲು ಮ್ಯೂಸಿಯಂನ ಪಕ್ಕದಲ್ಲೇ ಕೆಲಸದ ಶೆಡ್ ಇರಲಿ, ಐಟಿಐ ಹುಡುಗ ಹುಡುಗಿಯರು ನಿವೃತ್ತರ ಕೈಕೆಳಗೆ ಅಲ್ಲಿ ಕಲಿಯಲಿ.

ಈ ಮಾತಿಗೆ ಈಗ ಅವಸರವಿದೆ. 1963ರಿಂದ ಹಾರುತ್ತಿದ್ದ ಮಿಗ್-21 ವಿಮಾನಗಳು 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಸೇವೆಯಿಂದ ನಿವೃತ್ತವಾದವು. ಊರೂರಿಂದ ಕಂಬಕ್ಕೆ ಬೇಡಿಕೆ ಬರುತ್ತದೆ. ಹಂಚುವ ಮುನ್ನ ಒಂದನ್ನಾದರೂ ಅದರ ಲಾಗ್‌ಬುಕ್, ರಿಪೇರಿ ಕಾರ್ಡು, ಕೊನೆಯ ದಿನದ ಬಣ್ಣ, ಗೀರುಗಳ ಸಮೇತ ಒಳಗೆ ತೆಗೆದಿಡಬೇಕು. ಕಾಗದಪತ್ರ ಒಮ್ಮೆ ಗುಜರಿ ಸೇರಿದರೆ ಉಳಿದ ವಿಮಾನ ಹೆಸರಿಲ್ಲದ ತಗಡು. ಕಾನ್ಪುರಕ್ಕೆ ಹೋದ ತಲೆಮಾರು ಈಗ ಇಲ್ಲ. ಮೊದಲ ಮಾರುತ್ ಕಟ್ಟಿದವರಲ್ಲಿ ಉಳಿದವರಿಗೆ ಎಂಬತ್ತು ದಾಟಿದೆ. ಅವರು ವಿಮಾನಪುರ, ಮುರುಗೇಶಪಾಳ್ಯ, ಇಂದಿರಾನಗರದ ಮನೆಗಳಲ್ಲಿದ್ದಾರೆ, ಅವರ ಟ್ರಂಕಿನಲ್ಲಿ ಶಾಪಿನ ನೋಟ್‌ಬುಕ್, ಗ್ರೂಪ್ ಫೋಟೋ, ಸ್ವಂತ ಕೈಯಿಂದ ಮಾಡಿಕೊಂಡ ಉಪಕರಣಗಳಿವೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಈ ವಾರವೇ ಅವರ ಪಕ್ಕ ಕುಳಿತು ಯಾವ ವಿಮಾನದಲ್ಲಿ ಯಾವ ಕೆಲಸ ಮಾಡಿದಿರಿ ಎಂದು ಕೇಳಿ, ಅವರ ದನಿಯಲ್ಲೇ ದಾಖಲು ಮಾಡಿಕೊಳ್ಳಿ, ಫೋಟೋದ ಹಿಂದೆ ಹೆಸರುಗಳನ್ನು ಬರೆಸಿಕೊಳ್ಳಿ. ಮನೆ ಬದಲಾಯಿಸುವಾಗ ಆ ಟ್ರಂಕನ್ನು ಹಳೇ ಪೇಪರಿನವನಿಗೆ ಕೊಡಬೇಡಿ.